ನಮ್ಮತ್ತೆಯ ಲ್ಯಾಟಿನ್

ಅತ್ತೆಯಿಂದ ಬೈಸಿಕೊಳ್ಳಬೇಕೆಂದು ಹಂಬಲಿಸಿದ ಸೊಸೆಯನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ಇಲ್ಲಿದ್ದೇನೆ, ನೋಡಿ.

ಎಂಬತ್ತರ ದಶಕದಲ್ಲಿ ಮೈಸೂರಿನಿಂದ ತಮಿಳುನಾಡಿನ ಸೂಲೂರಿನ ಹತ್ತಿರದ ನೇಕಾರರ ಬೀದಿಗೆ ಮದುವೆಯಾಗಿ ಬಂದೆ. ಮನೆಯೊಳಗೆ ತಮಿಳು ಬೆರೆತ ಕನ್ನಡ, ಹೊಸಿಲು ದಾಟಿದರೆ ಬರೀ ತಮಿಳು. ನಮ್ಮತ್ತೆ ಬಾಯಿ ತೆರೆದರೆ ತಲೆಯ ಮೇಲೆ ಹಾರುವ ವಾಯುಪಡೆಯ ವಿಮಾನದ ಸದ್ದೂ ಅಡಗಿಹೋಗುತ್ತಿತ್ತು. ಮಗ, ಮಗಳು, ಮೇಕೆ, ಯಾರಿಗೂ ವಿನಾಯಿತಿಯಿಲ್ಲ. “ತೋಲ ಉರಿಚ್ಚುಡ್ತೀನಿ!” ಅಂದರೆ, ಚರ್ಮ ಸುಲಿದುಬಿಡುತ್ತೇನೆ ಎಂದು. ನನಗೆ ಮಾತ್ರ, “ನೀವು ಓದಿದವರು, ಕೂತ್ಕೊಳ್ಳಿಮ್ಮಾ.” ಆ ಬಹುವಚನ ಕೇಳಿದಾಗಲೆಲ್ಲ ನನಗೆ ಅಳು ಬರುತ್ತಿತ್ತು. ಅದು ನೆಂಟರಿಗೆ ಕೊಡುವ ಮರ್ಯಾದೆಯಲ್ಲವೇ!

ಒಂದು ಬೆಳಿಗ್ಗೆ ಇಂಗ್ಲಿಷ್ ಪೇಪರಿನಲ್ಲಿ, ನ್ಯಾಯಾಧೀಶರೊಬ್ಬರು ಅಧಿಕಾರಿಗಳನ್ನು ‘ಎಕ್ಸ್‌ಕೋರಿಯೇಟ್’ ಮಾಡಿದರೆಂದು ಓದಿದೆ. ಡಿಕ್ಷನರಿ ತೆಗೆದೆ. ಕಟುವಾಗಿ ಖಂಡಿಸು, ಸರಿ. ಮೂಲ? ಲ್ಯಾಟಿನ್ನಿನಲ್ಲಿ ‘ಕೋರಿಯಂ’ ಅಂದರೆ ತೊಗಲು, ‘ಎಕ್ಸ್’ ಅಂದರೆ ಆಚೆಗೆ. ತೊಗಲು ಸುಲಿ! ಅಯ್ಯೋ, ರೋಮಿನವರೂ ನಮ್ಮತ್ತೆಯೂ ಒಂದೇ ಬೀದಿಯವರು! ನಿಜವಾಗಿ ಸುಲಿಯುವುದನ್ನು ಬಿಟ್ಟು ಬರೀ ಬಾಯಲ್ಲಿ ಸುಲಿಯುವುದಕ್ಕೆ ಇಳಿಯಲು ಆ ಪದಕ್ಕೆ ಎಷ್ಟೋ ಕಾಲ ಹಿಡಿದಿತ್ತು. ಅತ್ತೆಗೆ ಒಂದು ಉಸಿರು ಸಾಕಾಗಿತ್ತು.

ಇದನ್ನು ಅತ್ತೆಗೆ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬಿಹೋಗುತ್ತಿತ್ತು. ಡಿಕ್ಷನರಿ ಹಿಡಿದು ಹೊರಗೋಡಿದೆ. ಬೀದಿಯುದ್ದಕ್ಕೂ ಪಾವು ಬಿಗಿದಿತ್ತು. ಮಗ್ಗಕ್ಕೇರುವ ಮುನ್ನ ಗಂಜಿ ಹಚ್ಚಿ ಒಣಗಿಸುವ ಹಾಸುನೂಲು ಅದು. ಎಲ್ಲರೂ ಅದನ್ನು ಸುತ್ತಿ ಬಳಸಿ ಹೋಗುತ್ತಾರೆಯೇ ಹೊರತು ಯಾರೂ ಅಡಿಯಲ್ಲಿ ನುಸುಳುವುದಿಲ್ಲ. ನಾನು ನುಸುಳಿದೆ. ಡಿಕ್ಷನರಿಯ ಮೂಲೆ ಸಿಕ್ಕಿಕೊಂಡು ಎಳೆಗಳು ಪಟಪಟನೆ ಹರಿದವು.

ಗಂಜಿ ಹಚ್ಚುತ್ತಿದ್ದ ಅತ್ತೆಯ ಕೈ ನಿಂತಿತು. ಈಗಲೂ “ಪರವಾಗಿಲ್ಲಮ್ಮಾ” ಎಂದರೆ ನಾನು ಈ ಮನೆಗೆ ಎಂದೆಂದಿಗೂ ನೆಂಟಳೇ ಎಂದುಕೊಂಡೆ.

“ಏ ಅಮ್ಮಿಣಿ! ಕಣ್ಣ ಎಲ್ಲಿ ಇಟ್ಟಿದ್ದೆ? ತೋಲ ಉರಿಚ್ಚುಡ್ತೀನಿ!”

ಆಹಾ, ಏಕವಚನ! ಅಮ್ಮಿಣಿ ಅಂದರೆ ಇಲ್ಲಿ ಮನೆಮಗಳು. ನಾನು ನಕ್ಕುಬಿಟ್ಟೆ, ಕಣ್ಣಲ್ಲಿ ನೀರೂ ಬಂತು.

“ಬೈದ್ರೆ ನಗ್ತಾಳೆ ನೋಡು! ಬಾ ಇಲ್ಲಿ.” ಅತ್ತೆ ನನ್ನ ಬೆರಳು ಹಿಡಿದು, ಹರಿದ ಎಳೆಗೆ ಗಂಟು ಹಾಕುವುದನ್ನು ಕಲಿಸತೊಡಗಿದರು. ಲ್ಯಾಟಿನ್ ವಿಷಯ ಮರೆತೇಹೋಯಿತು.

ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ, ಜಗಲಿಯ ಮೇಲಿಟ್ಟಿದ್ದ ಡಿಕ್ಷನರಿಯ ಹೊದಿಕೆಯನ್ನು ಮೇಕೆ ನೆಮ್ಮದಿಯಾಗಿ ಸುಲಿಯುತ್ತಿತ್ತು.

“ತೋಲ ಉರಿಚ್ಚುಡ್ತೀನಿ!” ಎಂದು ಕಿರುಚಿದ್ದು ಅತ್ತೆಯಲ್ಲ, ನಾನು.