ಮೊಮ್ಮಗಳ ಕಾರಿನಲ್ಲಿ ನನ್ನ ಸೀಟು

ಬರ್ರಿ, ಆ ಫೋನು ಬದಿಗಿಟ್ಟು ಆರಾಮಾಗಿ ಕೂಡ್ರಿ. ನಾನು ಸೀಟು ಉಳಿಸಿಕೊಂಡ ಕಥಿ ಕೇಳ್ರಿ.

ಮೊಮ್ಮಗಳು ಶಾಂಭವಿ ಜರ್ಮನಿಯ ಫೊಯರ್‌ಬಾಕಿನ ಗ್ಯಾರೇಜಿನಲ್ಲಿ ಬಿಡಿಭಾಗ ಜೋಡಿಸಿ ತಾನೇ ಒಂದು ಕಿಟ್ ಕಾರು ಕಟ್ಟಿದಳು. ಬಿಗಿ ಸ್ಪ್ರಿಂಗ್ ಹಾಕಿ ಕಾರಿನ ಎತ್ತರ ತಗ್ಗಿಸಿದಳು, ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಯೇ ಗಾಲಿಗಳ ಓರೆ ಸರಿಮಾಡಿದಳು. ರಸ್ತೆಗಿಳಿಸಲು ಒಪ್ಪಿಗೆ ಪಡೆಯುವ ತಪಾಸಣೆಗೆ ಒಯ್ದರೆ ಅಲ್ಲಿಯ ಅಧಿಕಾರಿ ಜರ್ಮನ್‌ನಲ್ಲಿ ಏನೋ ಗೊಣಗಿದ, ಶಾಂಭವಿ ನನಗೆ ಕನ್ನಡದಲ್ಲಿ ಹೇಳಿದಳು.

"ಅಜ್ಜಿ, ಇಬ್ಬರು ಕೂತ್ರ ಗಾಲಿ ಮೇಲಿನ ತಗಡಿಗೆ ತಿಕ್ಕತದಂತ. ನಿನ್ನ ಸೀಟು ಬಿಚ್ಚಬೇಕಂತ. ಇಳಿ."

"ತಿಕ್ಕೂದು ತೋರಸಲಿ, ಆಮ್ಯಾಲ ಇಳೀತೀನಿ!"

"ನೀನು ಭಾಳ ಹಗುರ ಇದ್ದೀಯಂತ. ಆ ಜಾಗದಾಗ ಮರಳಿನ ಚೀಲ ಇಟ್ಟು ನೋಡಬೇಕಂತ."

"ನನ್ನ ತೊಡಿ ಮ್ಯಾಲ ಇಡು, ತಮ್ಮಾ!" ಎಂದು ನಾನೇ ಕೈ ಚಾಚಿದೆ.

ಅಧಿಕಾರಿ ನಗು ತಡೆಯಲಾರದೆ ಚೀಲ ಇಟ್ಟ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿದ, ದಿಬ್ಬ ಹತ್ತಿಸಿದ. ಗಾಲಿ ಎಲ್ಲಿಯೂ ತಿಕ್ಕಲಿಲ್ಲ. ಎರಡು ಸೀಟಿಗೂ ಒಪ್ಪಿಗೆ ಕೊಟ್ಟ.

ಆ ಅಧಿಕಾರಿ ಈಗ ನಿವೃತ್ತನಾಗಿ ತಾನೂ ಒಂದು ಕಾರು ಕಟ್ಟುತ್ತಿದ್ದಾನೆ, ಅಡ್ಡಿ ಬಂದರೆ ಶಾಂಭವಿಗೆ ಫೋನು ಮಾಡುತ್ತಾನೆ. ಶಾಂಭವಿ ನ್ಯೂರೆಂಬರ್ಗಿನಲ್ಲಿ ಕೆಲಸಕ್ಕಿದ್ದಾಳೆ, ರಜೆಗೆ ಮನೆಗೆ ಬಂದು ಅದೇ ಕಾರಿನಲ್ಲಿ ನನ್ನನ್ನು ಸುತ್ತಾಡಿಸುತ್ತಾಳೆ. ನನಗೋ, ಆ ಬಿಗಿ ಸ್ಪ್ರಿಂಗಿನಿಂದ ಪ್ರತಿ ಸಲ ಸೊಂಟ ಹಿಡಿಯುತ್ತದೆ. ಜಗಳಾಡಿ ಉಳಿಸಿಕೊಂಡ ಸೀಟು, ಯಾರ ಮುಂದೆ ಹೇಳಲಿ?