ನನ್ನ ಮದುವೆ ಮಾಡಿದ ಅತ್ತೆ

ಅತ್ತೆಯ ಎಡಗಿವಿ ಬಲಗಿವಿಗಿಂತ ತುಸು ಚಪ್ಪಟೆಯಾಗಿತ್ತು. ದಾವಣಗೆರೆಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದಾಗ ಅವಳಿಗೆ ಇನ್ನೂ ಸಣ್ಣ ವಯಸ್ಸು. ಊರಿನ ಕರೆಗಳನ್ನು ಜೋಡಿಸುವ ಬೋರ್ಡಿನ ಮುಂದೆ ಕೂತು ದಿನವಿಡೀ ಬಿಗಿದುಕೊಂಡಿರುತ್ತಿದ್ದ ಹೆಡ್‌ಫೋನು ಆ ಕಿವಿಯನ್ನು ಒತ್ತಿ ಒತ್ತಿ ಹಾಗೆ ಮಾಡಿತ್ತು. ಚುಚ್ಚುತ್ತದೆಂದು ಆ ಕಿವಿಯ ಓಲೆ ತೆಗೆದಿಟ್ಟವಳು ನಿವೃತ್ತಿಯಾದ ಮೇಲೂ ಹಾಕಿಕೊಳ್ಳಲಿಲ್ಲ. ಒಂದೇ ಓಲೆಯ ಹೆಂಗಸನ್ನು ನೋಡಿ ಆನೆಕೊಂಡದ ನಮ್ಮ ಓಣಿಯವರು ಮೊದಮೊದಲು ನಗುತ್ತಿದ್ದರಂತೆ. ನಾನು ಕಂಡಂತೆ ಯಾರೂ ನಗುತ್ತಿರಲಿಲ್ಲ.

ಅವಳು ನನ್ನ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, “ಊರ ಮಂದಿ ಮದುವಿ ಮಾತೆಲ್ಲ ನನ್ನ ಕಿವ್ಯಾಗೇ ಹಾದು ಹೋಗ್ಯಾವು. ಕೇಳಿ ಕೇಳಿ ಸಾಕಾತು” ಎನ್ನುತ್ತಿದ್ದಳು. ಅಪ್ಪ, ಹಿಂದೆಯೇ ಅವ್ವ ತೀರಿಹೋದಾಗ ನಾನು ಹೈಸ್ಕೂಲಿನಲ್ಲಿದ್ದೆ. ಅತ್ತೆ ಬಂದು ನನ್ನ ಟ್ರಂಕನ್ನು ತಾನೇ ಎತ್ತಿಕೊಂಡು, “ನಡಿ ಹುಡುಗಿ” ಎಂದಳು. ಅಷ್ಟೇ. ಸಮಾಧಾನದ ಮಾತು ಅವಳಿಗೆ ಬರುತ್ತಿರಲಿಲ್ಲ. ಫೋನು ಎತ್ತಿದರೆ ಹಲೋ ಅನ್ನುತ್ತಿರಲಿಲ್ಲ, “ಹೇಳ್ರಿ” ಅನ್ನುವಳು. ಮಾತು ಮುಗಿಯಿತು ಎಂದು ತನಗೆ ಅನಿಸಿದ ಕೂಡಲೇ “ಇಡ್ತೀನಿ” ಎಂದು ಇಟ್ಟುಬಿಡುವಳು. ಆದರೆ ಆ ದನಿ! ತುಂಬಿದ ಕೊಡದ ಹಾಗೆ ತುಳುಕದ ದನಿ. ದಾವಣಗೆರೆಯ ಅಂಗಡಿ ಸಾಹುಕಾರರು ಅವಳ ಮುಖ ನೋಡದೆಯೂ, ಪೇಟೆಯಲ್ಲಿ ಅವಳು ಬಾಯಿ ತೆರೆದರೆ “ಎಕ್ಸ್‌ಚೇಂಜ್ ಅಕ್ಕಾರಲ್ಲೇನು?” ಎಂದು ಗುರುತು ಹಿಡಿಯುತ್ತಿದ್ದರು.

ನಾನು ನರ್ಸಿಂಗ್ ಓದಿ ಮಸ್ಕತ್ತಿಗೆ ಹೋದೆ. ಅಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ಹರಿಹರದ ಹುಡುಗನೊಬ್ಬ ಸಿಕ್ಕ. ಊರಿನಲ್ಲಿದ್ದಾಗ ಅರ್ಧ ತಾಸಿನ ಬಸ್ಸಿನ ದೂರದಲ್ಲಿದ್ದವರು ಸಮುದ್ರ ದಾಟಿ ಪರಿಚಯವಾದೆವು. ಮದುವೆಯಾಗುವುದೆಂದು ನಿರ್ಧರಿಸಿದಾಗ ಇಬ್ಬರೂ ನಕ್ಕಿದ್ದೆವು: ಎರಡು ಮನೆ ಅಷ್ಟು ಹತ್ತಿರ ಇರುವಾಗ ಕಷ್ಟವೇನು?

ಕಷ್ಟ ಏನೆಂದು ಒಂದು ತಿಂಗಳಲ್ಲೇ ತಿಳಿಯಿತು. ನಮಗಿಬ್ಬರಿಗೂ ರಜೆ ಒಟ್ಟಿಗೆ ಸಿಗುವುದು ವರ್ಷಕ್ಕೊಮ್ಮೆ. ಆ ರಜೆಯೊಳಗೆ ಮುಹೂರ್ತ ಬೀಳಬೇಕು, ಕಲ್ಯಾಣಮಂಟಪ ಸಿಗಬೇಕು, ಅಡುಗೆಯವರಿಗೆ ಬಿಡುವಿರಬೇಕು. ಡ್ಯೂಟಿ ಮುಗಿಸಿ ಆಸ್ಪತ್ರೆಯ ಬಸ್ಸು ಹತ್ತಿದರೆ ಫೋನಿನಲ್ಲಿ ಊರಿನವರ ಪ್ರಶ್ನೆಗಳು ಕಾದಿರುತ್ತಿದ್ದವು. ರೋಗಿಗಳ ಡ್ರಿಪ್ಪು, ಔಷಧಿ ನೋಡಿ ನೋಡಿ ಉರಿಯುವ ಕಣ್ಣಿನಲ್ಲಿ ಲಗ್ನಪತ್ರಿಕೆಯ ಮಾದರಿಗಳನ್ನು ನೋಡಬೇಕು. ಯಾವ ಬಣ್ಣವಾದರೂ ಆದೀತು ಎನಿಸುತ್ತಿತ್ತು. ಹಾಗೆಂದರೆ ಎರಡೂ ಕಡೆಯವರಿಗೆ ಬೇಸರ. ಮದುಮಗಳಿಗೆ ಉತ್ಸಾಹ ಇರಬೇಕಂತೆ. ನನಗೆ ನಿದ್ದೆ ಬೇಕಿತ್ತು.

ಅತ್ತೆ ವೀಡಿಯೋ ಕಾಲಿಗೆ ಒಪ್ಪುತ್ತಿರಲಿಲ್ಲ. “ಮಾರಿ ನೋಡಿ ಏನ್ ಮಾಡ್ತಿ, ಮಾತು ಸಾಕು” ಎನ್ನುವಳು. ಸೀರೆಯನ್ನು ಕೂಡ ಮಾತಿನಲ್ಲೇ ತೋರಿಸಿದಳು. “ಹಸಿರೈತೆ. ಎಂಥ ಹಸಿರು ಅಂದ್ರೆ, ನಾಟಿ ಮಾಡಿ ತಿಂಗಳಾದ ಗದ್ದಿ ಹಸಿರು. ಅಂಚು ಅರಿಶಿಣ. ಸೆರಗಿನ್ಯಾಗ ಜರಿ ಕಡಿಮಿ ಐತೆ, ನಿಂಗೆ ಜಾಸ್ತಿ ಜರಿ ಚುಚ್ತತಿ.” ನಾನು ಕೇಳುವ ಮೊದಲೇ ಎಲ್ಲ ಹೇಳಿ, “ಇಡ್ತೀನಿ” ಎಂದು ಇಟ್ಟುಬಿಡುತ್ತಿದ್ದಳು. ಆಮೇಲೆ ಸೀರೆ ಬಂದಾಗ ಅವಳು ಹೇಳಿದ್ದಕ್ಕಿಂತ ಒಂದು ಎಳೆಯೂ ಬೇರೆ ಇರಲಿಲ್ಲ.

ಆದರೆ ನಾನು ಏನಾದರೂ ಕೇಳಿದರೆ ಮಾತು ಎತ್ತಲೋ ಹೋಗುತ್ತಿತ್ತು. ಅಡುಗೆಯವರನ್ನು ಗೊತ್ತು ಮಾಡಿದೆಯಾ ಎಂದರೆ, “ಹೂವಿನವನಿಗೆ ಹೇಳೀನಿ” ಎನ್ನುವಳು. ಶುಕ್ರವಾರ ರಜೆ ಎಂದರೆ, “ಹ್ಞೂಂ, ಸೆಕೆ ಇರ್ತತಿ ಅಲ್ಲಿ” ಎನ್ನುವಳು. ವಯಸ್ಸಾಯಿತು, ಹಟ ಹೆಚ್ಚಿತು ಎಂದುಕೊಂಡೆ. ಕೆಲವು ಸಲ ರೇಗಿದೆ. ರೇಗಿದಾಗಲೂ ಅವಳು ಶಾಂತವಾಗಿ “ಆತು, ಆತು” ಎನ್ನುತ್ತಿದ್ದಳು.

ಪತ್ರಿಕೆಯ ಕರಡು ಹರಿಹರ ತಲುಪಿದ ದಿನ ಎಲ್ಲವೂ ಕೆಟ್ಟಿತು. ಮದುವೆ ತಮ್ಮ ಊರಿನಲ್ಲೇ, ಹೊಳೆ ಹತ್ತಿರದ ಮಂಟಪದಲ್ಲಿ ಆಗಬೇಕೆಂದು ಹುಡುಗನ ಅಪ್ಪ ಅತ್ತೆಗೆ ಫೋನಿನಲ್ಲಿ ಹೇಳಿದ್ದರು. ಅತ್ತೆ “ಆತ್ರಿ, ಹಂಗೇ ಮಾಡೋಣ” ಎಂದಿದ್ದಳು. ಅವರು ಮಂಟಪ ಗೊತ್ತು ಮಾಡಿದರು. ಉಕ್ಕಡಗಾತ್ರಿಗೆ ಹೋಗಿ ಅಜ್ಜಯ್ಯನ ಗದ್ದುಗೆಯ ಮುಂದೆ ನಿಂತು, ಮದುವೆ ಹರಿಹರದಲ್ಲಿ ಎಂದು ಹೇಳಿಕೊಂಡೂ ಬಂದರು. ಪತ್ರಿಕೆಯಲ್ಲಿ ನೋಡಿದರೆ ದಾವಣಗೆರೆಯ ಮಂಟಪದ ಹೆಸರು! ಅತ್ತೆ ಅಲ್ಲಿ ಇನ್ನೊಂದನ್ನು ಗೊತ್ತು ಮಾಡಿದ್ದಳು.

ಹುಡುಗನ ಅಪ್ಪ ನನಗೇ ಫೋನು ಮಾಡಿದರು. “ನಮ್ಮ ಮುಂದೆ ಹ್ಞೂಂ ಅಂತಾರೆ, ಹಿಂದೆ ತಮ್ಮ ಮನಸ್ಸಿಗೆ ಬಂದಂಗೆ ಮಾಡ್ತಾರೆ. ನಮ್ಮ ಮಾತಿಗೆ ಬೆಲಿ ಇಲ್ಲೇನವ್ವಾ? ಹಿಂಗಾದ್ರೆ ಈ ಸಂಬಂಧ ಹೆಂಗೆ?”

ನಾನು ಅತ್ತೆಗೆ ಫೋನು ಮಾಡಿ ಕೂಗಿದೆ. ಅವರು ಹರಿಹರ ಅಂದಿದ್ದರಲ್ಲ, ನೀನು ಒಪ್ಪಿದ್ದೆಯಲ್ಲ, ಯಾಕೆ ಹೀಗೆ ಮಾಡಿದೆ? ಕೂಗಿದ್ದರಿಂದಲೋ ಏನೋ, ಈ ಸಲ ಅವಳಿಗೆ ಎಲ್ಲವೂ ಮುಟ್ಟಿತು. “ಇಡ್ತೀನಿ” ಎಂದೂ ಹೇಳದೆ ಇಟ್ಟಳು. ನಾನು ಯೂನಿಫಾರ್ಮು ಕೂಡ ಬದಲಿಸದೆ ಹಾಸಿಗೆಯ ಮೇಲೆ ಬಿದ್ದುಕೊಂಡು, ಈ ಮದುವೆಯೇ ಬೇಡ ಎಂದು ಹುಡುಗನಿಗೆ ಮೆಸೇಜು ಹಾಕಿದೆ. ಅವನೂ ಎಷ್ಟು ದಣಿದಿದ್ದನೆಂದರೆ, “ನಾಳೆ ಮಾತಾಡೋಣ” ಎಂದಷ್ಟೇ ಬರೆದ.

ಮರುದಿನ ಮಧ್ಯಾಹ್ನ ಹುಡುಗನ ಅಪ್ಪನ ಫೋನು ಮತ್ತೆ ಬಂತು. ಅವರ ದನಿ ಬೇರೆಯಾಗಿತ್ತು.

“ನಿಮ್ಮ ಅತ್ತೆ ಬಂದಿದ್ರವ್ವಾ. ಬೆಳಿಗ್ಗೆ ಬಸ್ಸಿಗೆ ಒಬ್ಬರೇ ಬಂದ್ರು. ಕೂಡ್ರಿ ಅಂದೆ, ಕೂಡ್ಲಿಲ್ಲ. ನಿಂತೇ ಹೇಳಿದ್ರು.”

ಅತ್ತೆ ಹೇಳಿದ್ದನ್ನು ಅವರು ಹೇಳಿದ ಹಾಗೇ ಬರೆಯುತ್ತೇನೆ: “ನಂಗೆ ಕಿವಿ ಕೇಳಂಗಿಲ್ರಿ. ಎರಡು ವರ್ಷ ಆತು. ಯಾರಿಗೂ ಹೇಳಿಲ್ಲ. ಜನ್ಮ ಎಲ್ಲಾ ಕಿವಿ ಮ್ಯಾಲೆ ಅನ್ನ ತಿಂದಾಕಿ, ಹೆಂಗೆ ಹೇಳ್ಲಿ? ಫೋನಿನ್ಯಾಗ ನೀವು ಏನಂದ್ರೋ ನಂಗೆ ತಿಳೀಲಿಲ್ಲ. ದಾವಣಗೆರಿ ಅಂದ್ರಿ ಅಂದ್ಕಂಡು ಆತು ಅಂದೆ. ನಮ್ಮ ಹುಡುಗಿದು ತಪ್ಪಿಲ್ಲ. ಈಗ ಎದುರಿಗೆ ಬಂದೀನಿ, ಬಾಯಿ ನೋಡಿ ತಿಳ್ಕಂತೀನಿ. ನಿಮಗೆ ಏನೇನು ಆಗ್ಬೇಕೋ ಇನ್ನೊಮ್ಮೆ ಹೇಳ್ರಿ.”

ಆ ಮನುಷ್ಯ ಅವಳನ್ನು ಕೂರಿಸಿ, ಎದುರು ತಾವೂ ಕೂತು ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದರಂತೆ. ದಾವಣಗೆರೆಯ ಮಂಟಪ ಬಿಟ್ಟದ್ದಾಯಿತು. ಹೊರಡುವಾಗ ಅತ್ತೆಯನ್ನು ಬಸ್‌ಸ್ಟ್ಯಾಂಡಿನವರೆಗೆ ತಾವೇ ಕರೆದುಕೊಂಡು ಹೋಗಿ ಹತ್ತಿಸಿದರು. “ನಂಗೂ ಒಬ್ಬಾಕಿ ಅಕ್ಕ ಇದ್ಲು” ಎಂದರು ನನಗೆ.

ಆ ಸಂಜೆ ಅತ್ತೆ ತಾನಾಗಿಯೇ ವೀಡಿಯೋ ಕಾಲು ಮಾಡಿದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖ ನೋಡಿದೆ. ಕೆನ್ನೆ ಇಳಿದಿತ್ತು. ಕಣ್ಣು ನನ್ನ ತುಟಿಯ ಮೇಲೇ ನೆಟ್ಟಿತ್ತು. ಇಷ್ಟು ದಿನ ವೀಡಿಯೋ ಬೇಡ ಎಂದದ್ದು ಅದಕ್ಕೇ; ತನಗೆ ಕೇಳುತ್ತಿಲ್ಲವೆಂದು ಮುಖ ನೋಡಿದರೆ ನನಗೆ ಗೊತ್ತಾಗಿಬಿಡುತ್ತದೆ ಎಂಬ ಅಂಜಿಕೆ. ನಾನು ನಿಧಾನವಾಗಿ, ಬಾಯಿ ಅಗಲಿಸಿ ಹೇಳಿದೆ: “ಅತ್ತೆ, ನಂಗೆ ಸಾಕಾಗಿದೆ. ಮದುವೆ ಬೇಡ.”

ಅವಳು ಫೋನನ್ನು ಮುಖದ ಹತ್ತಿರ ತಂದಳು.

“ಹುಡುಗ ಬ್ಯಾಡ ಆಗ್ಯಾನೋ, ಮದುವಿ ಕೆಲಸ ಬ್ಯಾಡ ಆಗೈತೋ? ಎರಡನ್ನೂ ಒಂದು ಮಾಡಬ್ಯಾಡ. ಹುಡುಗ ಬ್ಯಾಡ ಆದ್ರೆ ಈಗ್ಲೇ ಹೇಳು, ನಾಳೆ ಬಸ್ಸಿಗೆ ಹೋಗಿ ಅದನ್ನೂ ಹೇಳಿ ಬರ್ತೀನಿ. ಕೆಲಸ ಬ್ಯಾಡ ಆಗಿದ್ರೆ ಮಲಕ್ಕ. ಕೆಲಸಕ್ಕೆ ನಾನಿದೀನಿ.”

ನಾನು ಮಲಗಿದೆ. ಆ ವರ್ಷದಲ್ಲಿ ಅಷ್ಟು ಗಾಢವಾಗಿ ಮತ್ತೆ ನಿದ್ದೆ ಮಾಡಿದ ನೆನಪಿಲ್ಲ.

ಅಲ್ಲಿಂದ ಮುಂದೆ ಅತ್ತೆ ಫೋನಿನಲ್ಲಿ ಯಾವ ವ್ಯವಹಾರವನ್ನೂ ಮಾಡಲಿಲ್ಲ. ಅಡುಗೆಯವರು, ಹೂವಿನವರು, ವಾಲಗದವರು, ಎಲ್ಲರ ಮನೆ ಬಾಗಿಲಿಗೂ ನಡೆದು ಹೋದಳು. ಕಡರನಾಯಕನಹಳ್ಳಿಯ ನೆಂಟರನ್ನು ಕರೆಯಲೂ ತಾನೇ ಹೋದಳು. ಹೋದಲ್ಲೆಲ್ಲ ಮೊದಲ ಮಾತು, “ನಂಗೆ ಕಿವಿ ಕೇಳಲ್ರಿ, ಎದುರಿಗೆ ಬಂದು ಮಾತಾಡ್ರಿ.” ಒಮ್ಮೆ ಹೇಳಿದ ಮೇಲೆ ಅದನ್ನು ಹೇಳುವುದು ಅವಳಿಗೆ ಸಲೀಸಾಗಿತ್ತು.

ಮದುವೆಯ ದಿನದ ಬಗ್ಗೆ ನನಗೆ ನೆನಪಿರುವುದು ಹೆಚ್ಚಾಗಿ ಕಾಲುನೋವು. ವಿಮಾನದ ದಣಿವು ಇಳಿಯುವ ಮೊದಲೇ ಅರಿಶಿಣ, ಅದು ಒಣಗುವ ಮೊದಲೇ ಧಾರೆ. ಮಸ್ಕತ್ತಿನಿಂದ ನಾನು ತಂದುಕೊಟ್ಟ ಕಿವಿಯ ಮಷೀನನ್ನು ಅತ್ತೆ ವಾಲಗದ ಸದ್ದಿಗೆ ತಾಳಲಾರದೆ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ತಾಳಿ ಕಟ್ಟುವವರೆಗೆ ನನ್ನ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದಳು. ಆಮೇಲೆ ಊಟದ ಗದ್ದಲದಲ್ಲಿ ಹುಡುಕಿದರೆ, ಊರೆಲ್ಲ ಕಿವಿ ಮುಚ್ಚಿಕೊಂಡು ದಾಟುತ್ತಿದ್ದ ಸ್ಪೀಕರಿನ ಪಕ್ಕದ ಕುರ್ಚಿಯಲ್ಲಿ, ಬಾಯಿ ತುಸು ತೆರೆದು, ಒಳ್ಳೆ ನಿದ್ದೆಯಲ್ಲಿದ್ದಳು. ಹುಡುಗನ ಅಪ್ಪ, ಈಗ ನನ್ನ ಮಾವ, ಅಡುಗೆಯವರಿಗೆ ಹೇಳಿ ಅವಳ ಊಟ ಎತ್ತಿಡಿಸಿದ್ದರು. “ಎಬ್ಬಿಸಬ್ಯಾಡ್ರಿ” ಎಂದು ಬಂದವರಿಗೆಲ್ಲ ಕೈಸನ್ನೆ ಮಾಡುತ್ತಿದ್ದರು.

ಹೋದ ವರ್ಷ ಅತ್ತೆ ತೀರಿಕೊಂಡಳು. ಬೆಳಿಗ್ಗೆ ಚಹಾ ಕುಡಿದು ಕೂತವಳು ಏಳಲಿಲ್ಲ. ನಾನು ತುಂಬಿದ ಬಸುರಿ, ವಿಮಾನ ಹತ್ತುವ ಹಾಗಿರಲಿಲ್ಲ. ಗಂಡ ಹೊರಟರೂ ಸಂಜೆ ಮಣ್ಣು ಮಾಡುವುದರೊಳಗೆ ತಲುಪುವಂತಿರಲಿಲ್ಲ. ನನ್ನನ್ನು ಬೆಳೆಸಿದವಳ ಮಣ್ಣಿಗೆ ನನ್ನವರೆಂದು ಯಾರೂ ಇಲ್ಲದೆ ಹೋಗುತ್ತದಲ್ಲ ಎಂದು ದಿನವಿಡೀ ಗೋಡೆಗೆ ಒರಗಿ ಕೂತಿದ್ದೆ. ಅಳುವುದಕ್ಕೂ ತ್ರಾಣ ಇರಲಿಲ್ಲ.

ಕತ್ತಲಾಗುವ ಮೊದಲು ಮಾವನ ಫೋನು ಬಂತು. ಸುದ್ದಿ ತಿಳಿದ ಕೂಡಲೇ ಹರಿಹರದಿಂದ ಹೋಗಿದ್ದರು. ಹೆಗಲು ಕೊಟ್ಟಿದ್ದರು. ಹೊಲದ ಅಂಚಿನಲ್ಲಿ ಎಲ್ಲ ಮುಗಿದ ಮೇಲೆ, ಕೈ ತೊಳೆಯುವ ಮೊದಲೇ ಯಾರಿಂದಲೋ ಫೋನು ಹಚ್ಚಿಸಿದ್ದರು.

“ನೀ ಬರಾಕೆ ಆಗಂಗಿಲ್ಲ ಅಂತ ಗೊತ್ತೈತವ್ವಾ. ಅದಕ್ಕೇ ನಾ ಎರಡು ಹಿಡಿ ಮಣ್ಣು ಹಾಕೀನಿ. ಒಂದು ನಂದು. ಒಂದು ನಿಂದು.”