ಡ್ರೈವರ್ ಕಾಕಾ ಮತ್ತು ಮೂರು ಗೇರು

ಅವರ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಮೇಲೆ ಮುನಿಸಿಕೊಂಡಂತೆ ದೂರ ನಿಂತಿತ್ತು. ಇಪ್ಪತ್ತು ವರ್ಷ ಬರಿಗಾಲಲ್ಲಿ ಆಕ್ಸಿಲರೇಟರ್ ಒತ್ತಿದ ಬೆರಳು ಅದು. ನನ್ನ ಅಣ್ಣ ಎರಡು ಸಲ ಬೂಟು ಕೊಡಿಸಿದ್ದ. ಎರಡೂ ಜೋಡಿಯನ್ನು ಅವರು ಕಸಬೆ ಡಿಗ್ರಜವೆಂಬ ಹಳ್ಳಿಯ ತಮ್ಮ ಮನೆಯ ಗೂಟಕ್ಕೆ ತೂಗುಹಾಕಿದ್ದರು. ನಾವೆಲ್ಲ ಅವರನ್ನು ಡ್ರೈವರ್ ಕಾಕಾ ಎನ್ನುತ್ತಿದ್ದೆವು.

ಸಾಂಗ್ಲಿಯಲ್ಲಿ ಆಗಿನ್ನೂ ರಾಜರ ಆಳ್ವಿಕೆ. ನಮ್ಮದು ಅರಿಶಿನದ ಅಡತಿ ಅಂಗಡಿ, ದಲ್ಲಾಳಿ ವ್ಯಾಪಾರ. ಅಣ್ಣ ಕೊಂಡಿದ್ದು ಮೂರು ಗೇರಿನ ಪುಟ್ಟ ವಿಲಾಯತಿ ಕಾರು. ಮಿರಜ ರಸ್ತೆಯ ತುಂಬ ಬೆಲ್ಲ, ಅರಿಶಿನ ಹೇರಿದ ಎತ್ತಿನ ಚಕ್ಕಡಿಗಳು. ಒಂದು ಸಾಲು ದಾಟಿ, ಎದುರಿನ ಸಾಲು ಬರುವುದರೊಳಗೆ ಎಡಕ್ಕೆ ಸೇರಬೇಕು. ಆ ಬಡಪಾಯಿ ಎಂಜಿನ್ನಿಗೆ ಅದು ಸಣ್ಣ ಕೆಲಸವಲ್ಲ. ಗಾಡಿ ಹೊರಟ ಕೂಡಲೇ ಮೂರನೇ ಗೇರಿಗೆ ಹಾಕುವುದೇ ಜಾಣತನವೆಂದು ಪೇಟೆಯ ಸಾಹುಕಾರರೆಲ್ಲ ನಂಬಿದ್ದರು; ಪೆಟ್ರೋಲ್ ಉಳಿಯುತ್ತದಂತೆ. ಅವರ ಗಾಡಿಗಳು ಚಕ್ಕಡಿಗಳ ಹಿಂದೆ ಕೆಮ್ಮುತ್ತ ಮಿರಜ ಸೇರುತ್ತಿದ್ದವು. ನಮ್ಮದು ಅಷ್ಟರಲ್ಲಿ ಅಲ್ಲಿ ಕೆಲಸ ಮುಗಿಸಿ ಹೊರಟಿರುತ್ತಿತ್ತು.

ನನಗೆ ಇಪ್ಪತ್ತೆರಡು ತುಂಬಿದಾಗ ಅಣ್ಣ ನನ್ನನ್ನು ಅವರ ಪಕ್ಕ ಕೂರಿಸಿ, ಕಲಿ ಎಂದ. ಮೊದಲ ದಿನವೇ ಕಾಕಾ ಒಂದು ಅರಿಶಿನ ಕೊಂಬಿಗೆ ದಾರ ಕಟ್ಟಿ ಮುಂದಿನ ಗಾಜಿನ ಚೌಕಟ್ಟಿಗೆ ತೂಗಬಿಟ್ಟರು. ಗಾಡಿ ಜೋರಾಗಿ ಮುನ್ನುಗ್ಗಿದರೆ ಕೊಂಬು ನಮ್ಮ ಕಡೆ ವಾಲುತ್ತಿತ್ತು. ಎಳೆತ ತಗ್ಗಿದಂತೆ ನೆಟ್ಟಗಾಗುತ್ತಿತ್ತು.

“ಎರಡನೇ ಗೇರು ಎಷ್ಟ ಎಳೀತೈತಿ ಅನ್ನೂದು ಗೊತ್ತಿರಬೇಕು ಸಾವ್ಕಾರ್ರ. ಒಂದನೇದರ ಎಳತ ಅಷ್ಟಕ್ಕ ಇಳೀತಂದ್ರ ಬದಲಿ ಮಾಡೂದು. ಅದಕಿಂತ ಲಗೂ ಮಾಡಿದ್ರ ಗಾಡಿಗೆ ಉಬ್ಬಸ. ಚೀರೂತನಕ ಕುಂತ್ರ ಬರೇ ಸಪ್ಪಳ, ಓಟ ಇಲ್ಲ.”

“ಸಪ್ಪಳ ಕೇಳಿ ಮಾಡಬಾರದೇನ್ರಿ ಕಾಕಾ?”

“ಕಿವಿ ಸುಳ್ಳ ಹೇಳತಾವ್ರಿ. ಈ ಕೊಂಬು ಹೇಳೂದಿಲ್ಲ.”

ದೊಡ್ಡ ತತ್ವ ಕೇಳಿದೆನೆಂದು ನಾನು ಹಿಗ್ಗಿದೆ. ಆ ಹಿಗ್ಗು ವೈನಿ, ಅಂದರೆ ಅಣ್ಣನ ಹೆಂಡತಿ, ಕಾರು ಹತ್ತುವವರೆಗೆ ಉಳಿಯಿತು. ಬಂಗಾರಕ್ಕೆ ಗತಿಯಿಲ್ಲದ ಮದುವೆಗಳಲ್ಲಿ ನಮ್ಮ ಕಡೆ ದಾರಕ್ಕೆ ಅರಿಶಿನ ಕೊಂಬು ಪೋಣಿಸಿ ತಾಳಿ ಕಟ್ಟುವುದುಂಟು.

“ಅಯ್ಯ, ಗಾಡಿ ಕೊರಳಾಗ ತಾಳಿ ಯಾಕ ಕಟ್ಟೀರಿ ಕಾಕಾ? ಚೇಷ್ಟಾ ಮಾಡೂ ವಸ್ತು ಅಲ್ಲದು. ಇನ್ನ ಮ್ಯಾಲ ಅಲ್ಲಿ ಏನೂ ತೂಗಬ್ಯಾಡ್ರಿ” ಎಂದವರೇ ಕೊಂಬನ್ನು ಬಿಚ್ಚಿ ದೇವರ ಜಗಲಿಗೆ ಒಯ್ದರು.

ಅವತ್ತು ಮಿರಜಿನವರೆಗೂ ಗೇರುಗಳು ಕರಕರ ಎಂದವು. ಎಂಜಿನ್ ಅರಚುತ್ತಿದ್ದರೂ ಕಾಕಾ ಶಾಂತವಾಗಿ ಒಂದನೇ ಗೇರಿನಲ್ಲೇ ಕುಳಿತಿದ್ದರು. ಹಿಂದಿನಿಂದ ವೈನಿ ಎರಡು ಸಲ ಕರೆದರೂ ತಿರುಗಲಿಲ್ಲ. ಆಗ ನನಗೆ ತಿಳಿಯಿತು. ಈಚೆಗೆ ಅವರಿಗೆ ಕಿವಿ ಕೇಳುತ್ತಿರಲಿಲ್ಲ; ಆ ಕೊಂಬು ನನಗಿಂತ ಅವರಿಗೇ ಬೇಕಾಗಿತ್ತು. ಪಕ್ಕದಲ್ಲಿ ಕುಳಿತವರ ತುಟಿ ನೋಡಿ ಇಷ್ಟು ದಿನ ನಿಭಾಯಿಸಿದ್ದರು.

ವಾಪಸು ಬರುವಾಗ ಎಳೆತ ತಗ್ಗಿತೆನಿಸಿದ ಕಡೆ ನನ್ನ ಮೊಣಕಾಲಿನಿಂದ ಅವರ ಮೊಣಕಾಲನ್ನು ಒತ್ತಿದೆ. ಅವರು ಗೇರು ಬದಲಿಸಿದರು. ಅಲ್ಲಿಂದ ಎಂಟು ತಿಂಗಳು ನಾವು ಹಾಗೆಯೇ ಓಡಿಸಿದೆವು. “ಇವತ್ತ ಹರಿಪುರ ಹಾದ್ಯಾಗ ತಡಾ ಮಾಡಿದ್ರಿ” ಎಂದು ಇಳಿದ ಮೇಲೆ ಬೈಯುತ್ತಿದ್ದರು. ಅವರಿಗೆ ಕಿವಿಯಾಗಲು ಹೋಗಿ ನಾನು ಗಾಡಿ ಕಲಿತೆ. ಇಂದಿಗೂ ಗೇರು ಬದಲಿಸಲು ನನಗೆ ಮೀಟರಿನ ಮುಳ್ಳು ಬೇಕಿಲ್ಲ, ಬೆನ್ನಿಗೆ ತಾಕುವ ಎಳೆತ ಸಾಕು. ಆ ಋಣ ದೊಡ್ಡದು.

ಒಂದು ಮಧ್ಯಾಹ್ನ ವೈನಿಯನ್ನೂ ಅವರ ನಾಲ್ಕು ತಿಂಗಳ ಕೂಸನ್ನೂ ಮಿರಜಿನ ದವಾಖಾನೆಗೆ ಕರೆದೊಯ್ಯುತ್ತಿದ್ದೆವು. ಗೇಟಿಲ್ಲದ ಒಂದು ಕಡೆ ರಸ್ತೆ ರೈಲು ಹಳಿಯನ್ನು ದಾಟುತ್ತದೆ. ಜಾಲಿಮರಗಳ ಮರೆಯಿಂದ ಸೀಟಿ ಕೇಳಿತು. ಅದು ಕೇಳಿಸದ ಕಾಕಾ ಹಳಿ ದಾಟಲು ವೇಗ ಹೆಚ್ಚಿಸಿದರು. ಕೂಗಿ ಪ್ರಯೋಜನವಿರಲಿಲ್ಲ. ನಾನು ಕೈಬ್ರೇಕನ್ನು ಎರಡೂ ಕೈಯಿಂದ ಎಳೆದೆ. ಗಾಡಿ ಅಡ್ಡತಿರುಗಿ ನಿಂತಿತು. ಎಂಜಿನ್ನಿನ ಬಿಸಿ ಮುಖಕ್ಕೆ ಬಡಿಯುವಷ್ಟು ಹತ್ತಿರ ರೈಲು ಹಾದುಹೋಯಿತು.

“ಕಾಕಾ ಇದ್ರಂತ ಉಳದೇವಿ” ಎಂದು ಹಿಂದೆ ಕುಳಿತಿದ್ದ ವೈನಿ ಕೂಸನ್ನು ಅವುಚಿಕೊಂಡು ಅತ್ತರು.

ದವಾಖಾನೆಯ ಮುಂದೆ ಕಾಕಾ ನನ್ನ ಕೈ ಹಿಡಿದರು. “ದೊಡ್ಡ ಸಾವ್ಕಾರ್ರಿಗೆ ಹೇಳಬ್ಯಾಡ್ರಿ. ನಮ್ಮೂರಾಗ ನನ್ನ ಹೆಸರು ಯಾರಿಗೂ ನೆನಪಿಲ್ಲ, ಡ್ರೈವರ ಅಂತಾರ. ಇದು ಹೋದ್ರ ನಾ ಯಾರ್ರಿ?”

ಹೇಳುವುದಿಲ್ಲ ಎಂದೆ. ಅವತ್ತು ಸಂಜೆಯೇ ಅಣ್ಣನಿಗೆ ಹೇಳಿದೆ.

ಅಣ್ಣ ಗದ್ದಲ ಮಾಡಲಿಲ್ಲ. ಮಹಾಯುದ್ಧದ ದಿನಗಳು, ಪೆಟ್ರೋಲ್ ಸಿಗುವುದಿಲ್ಲ, ಗಾಡಿ ನಿಲ್ಲಿಸೋಣ ಎಂದು ಕಾಕಾಗೆ ಹೇಳಿ, ಅವರನ್ನು ಗೋದಾಮಿನ ಉಸ್ತುವಾರಿಗೆ ಹಾಕಿದ. ಆರು ತಿಂಗಳ ನಂತರ ನಾನು ಕಾರು ಹೊರತೆಗೆದಾಗ ಅವರೇ ಗಾಜು ಒರೆಸಿಕೊಟ್ಟರು. ಯುದ್ಧ ತಮ್ಮ ಡ್ರೈವರಿಕೆಯನ್ನು ನುಂಗಿತೆಂದೇ ಊರಿಗೆಲ್ಲ ಹೇಳುತ್ತಿದ್ದರು. ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಅವರ ಎದುರು ಒಪ್ಪಿಕೊಳ್ಳದೆ ಓಡಾಡಿದ್ದಕ್ಕೆ ನಾಚಿಕೆಯಿದೆ.

ಸಂಸ್ಥಾನ ವಿಲೀನವಾಗುವ ಮುಂಚಿನ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಡಿಗ್ರಜಕ್ಕೆ ಹೋದೆ. ಕಣ್ಣೂ ಮಂಜಾಗಿದ್ದರಿಂದ ತುಟಿ ಓದುವುದೂ ನಿಂತಿತ್ತು. ನನ್ನ ಕೈಯನ್ನು ಮುಟ್ಟಿಯೇ ಗುರುತಿಸಿದರು.

“ಸಣ್ಣ ಸಾವ್ಕಾರ್ರ, ನೀವು ಮಾತ ಉಳಿಸಿದ್ರಿ. ಯಾರಿಗೂ ಗೊತ್ತಾಗಲಿಲ್ಲ.”

ನಾನು ಅವರ ಕಿವಿಗೆ ಬಾಯಿಟ್ಟು ಕೂಗಿದೆ: “ನಾನ ಹೇಳಿದ್ದು ಕಾಕಾ. ಅಣ್ಣಗ ನಾನ ಹೇಳಿದ್ದು.” ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ಇನ್ನೊಮ್ಮೆ ಕೂಗಿದೆ.

ಕಾಕಾ ನಕ್ಕು ತಲೆಯಾಡಿಸಿದರು. “ಹೂಂರಿ,” ಎಂದರು, “ಆರಾಮ ಅದೇನಿ.”